ಕಾರು ಬಾರದ ಶೆಡ್ಡು

ಪಂಢರಿಯ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ ಯಾವುದೆಂದರೆ ಕಾರ್ ಶೆಡ್ಡು. ಕಾರು ಮಾತ್ರ ಇರಲಿಲ್ಲ. ಭಾಲ್ಕಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಬೀದರಿನಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು ಅವನು. ಕಾಲನಿಯಲ್ಲಿ ಮನೆ ಕಟ್ಟಿಸುವಾಗ ಅಡುಗೆಮನೆ ಚಿಕ್ಕದಾಯಿತೆಂದು ಹೆಂಡತಿ ಶಾಲುಬಾಯಿ ಎಷ್ಟು ಗೊಣಗಿದರೂ ಕಿವಿಗೆ ಹಾಕಿಕೊಳ್ಳದೆ ಶೆಡ್ಡಿಗೆ ನೀಲಿ ಬಣ್ಣದ ಶಟರ್ ಹಾಕಿಸಿದ. ಅದರ ಮೇಲೆ ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂದು ಬರೆಸಿದ. ಆ ಮಾತನ್ನು ಇಡೀ ಕಾಲನಿಯಲ್ಲಿ ಅವನ ಮನೆಯವರಷ್ಟು ನಿಷ್ಠೆಯಿಂದ ಪಾಲಿಸಿದವರು ಬೇರೆ ಯಾರೂ ಇರಲಿಲ್ಲ. ಶಾಲುಬಾಯಿ ಶೆಡ್ಡಿನೊಳಗೆ ಉಳ್ಳಾಗಡ್ಡಿ ಹರವುತ್ತಿದ್ದಳು.

ಯುಗಾದಿ ಮುಗಿದ ವಾರ ಸೊಸೆ ಪೂನಮ ಊಟದ ಹೊತ್ತಿನಲ್ಲಿ ಮಾತು ತೆಗೆದಳು.

“ಮಾಮಾ, ಕಾರ್ ಬರೋ ತನಕ ಶೆಡ್ ನನಗ ಕೊಡ್ರಿ. ಬ್ಯಾಗ್ ಹೊಲಿಯೋ ವರ್ಕ್‌ಶಾಪ್ ಹಾಕ್ತೇನಿ.”

“ಬ್ಯಾಗಂದ್ರ? ಸಾಲಿ ಬ್ಯಾಗಾ?”

“ಎಲ್ಲಾ ನಮೂನಿವು ರಿ. ಆಫೀಸ್ ಬ್ಯಾಗು, ಪರ್ಸು, ಬೆಲ್ಟು. ಮದುವಿಗಿಂತ ಮೊದಲು ಟ್ರೇನಿಂಗ್ ಮಾಡೇನಲ್ರಿ.”

ಪಂಢರಿ ಮಗನ ಮುಖ ನೋಡಿದ. ಸುಶೀಲಕುಮಾರ ಭಾಲ್ಕಿಯಲ್ಲಿ ಬ್ಯಾಂಕಿನ ನೌಕರ, ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಕಾರಿನ ಮಾತು ಬಂದಾಗಲೆಲ್ಲ ಅವನು ತಾಟಿನ ಮೇಲೆ ಬಗ್ಗುತ್ತಿದ್ದ. ಈಗಲೂ ಬಗ್ಗಿದ.

“ಸೈ, ಹಾಕು,” ಅಂದ ಪಂಢರಿ. “ಆದ್ರ ಗೋಡಿ ಒಡೀಬ್ಯಾಡ್ರಿ. ನಾಳೆ ಕಾರ್ ಬಂದ ಮ್ಯಾಲ ಕೆಟ್ಟ ಕಾಣ್ತದ.”

ಮರುದಿನ ಬೆಳಗ್ಗೆ ಅವನು ಈ ಸುದ್ದಿಯನ್ನು ಹೆಮ್ಮೆಯಿಂದ ಎದುರು ಮನೆಗೆ ಹೊತ್ತುಕೊಂಡು ಹೋದ. ಎದುರು ಮನೆಯ ಗೋರಖನಾಥ ನಿವೃತ್ತ ಇಂಜಿನಿಯರು, ಕಾಲನಿಯ ದೊಡ್ಡ ಮನುಷ್ಯ. ವಾಕಿಂಗ್ ಮುಗಿಸಿ ಅವರ ವರಾಂಡದಲ್ಲಿ ಕೂತು ಚಹಾ ಕುಡಿಯುವುದು ಪಂಢರಿಗೆ ದಿನದ ಮೊದಲ ಸಂಭ್ರಮ. ಅವರ ಮನೆಯಲ್ಲಿ ಇಬ್ಬರಿಗೂ ಚಹಾ ಕಾಗದದ ಕಪ್ಪಿನಲ್ಲಿ ಬರುತ್ತಿತ್ತು. ಮೊದಲ ಸಲ ಕುಡಿದು ಬಂದ ದಿನವೇ ಪಂಢರಿ ಹೆಂಡತಿಗೆ ಪಾಠ ಹೇಳಿದ್ದ: “ದೊಡ್ಡ ಮಂದಿ ನೋಡಿ ಕಲಿ. ಪ್ರತಿ ಸಲ ಹೊಸಾ ಕಪ್ಪು. ಎಂಜಲಿಲ್ಲ, ಮುಸುರಿಲ್ಲ.” ಅಂದಿನಿಂದ ಗಾಂಧಿ ಗಂಜದ ಕಡೆಗೆ ಜೋಳ ತರಲು ಹೋದಾಗಲೆಲ್ಲ ಕಾಗದದ ಕಪ್ಪಿನ ಕಟ್ಟನ್ನೂ ತರುತ್ತಿದ್ದ. ಬೀಗರು ಬರಲಿ, ಪೋಸ್ಟಿನವನು ಬರಲಿ, ಆ ಮನೆಯಲ್ಲಿ ಕಾಗದದ ಕಪ್ಪೇ. ಸ್ಟೀಲಿನ ಲೋಟಗಳು ಅಟ್ಟ ಸೇರಿದವು. ಗೋರಖನಾಥ ಸಂಜೆ ಹರಟೆಗೆ ಬಂದಾಗ ತಮ್ಮ ಮನೆಯ ಪದ್ಧತಿ ಇಲ್ಲೂ ಇರುವುದನ್ನು ನೋಡಿ ಸಂತೋಷದಿಂದಲೇ ಕುಡಿಯುತ್ತಿದ್ದರು.

“ನಮ್ಮ ಸೊಸಿ ಯುನಿಟ್ ಹಾಕ್ಲಿಕತ್ತಾಳ್ರಿ ಸರ್,” ಅಂದ ಪಂಢರಿ.

“ಭಾಳ ಛಲೋ. ಹೆಣ್ಮಕ್ಕಳು ಮುಂದ ಬರಬೇಕು,” ಅಂದರು ಗೋರಖನಾಥ.

ಶೆಡ್ಡಿನ ಉಳ್ಳಾಗಡ್ಡಿ ಮಂಚದ ಕೆಳಗೆ ಹೋಯಿತು. ಪಕ್ಕದ ಮನೆಯ ನಸ್ರೀನಳ ಗಂಡ ಒವೈಸ ಕರೆಂಟಿನ ಕೆಲಸದವನು. ಎರಡು ಟ್ಯೂಬ್‌ಲೈಟು ಹಾಕಿ, ಮಶೀನಿಗೆ ಬೇರೆ ಬೋರ್ಡು ಎಳೆದು, “ಭಾಭಿ, ಹವಾ ಹೋಗ್ಲಿಕ್ಕ ಮ್ಯಾಲೊಂದು ಫ್ಯಾನ್ ಬೇಕು,” ಅಂದ. ಫ್ಯಾನಿಗೆ ಗೋಡೆಯಲ್ಲಿ ತೂತು ಬೇಕು. ಪಂಢರಿ ಬೇಡವೆಂದು ತಲೆಯಾಡಿಸಿದ. ಒವೈಸ ಭುಜ ಹಾರಿಸಿ ಏಣಿ ಇಳಿದ.

ಹಳೆ ಬಾಗಿಲೊಂದನ್ನು ಮಲಗಿಸಿ ಸುಶೀಲಕುಮಾರ ಟೇಬಲ್ ಮಾಡಿದ. ಅದು ಪೂನಮಳ ಎದೆಯ ಮಟ್ಟಕ್ಕೆ ಬಂತು.

“ಯಾರ ಸಲುವಾಗಿ ಮಾಡಿದ್ರಿ ಇದು? ನಿಮ್ಮ ಮ್ಯಾನೇಜರ್ ಸಲುವಾಗಿ?” ಅಂದಳು ಅವಳು. ಎರಡು ಭಾನುವಾರ ಕಾಲು ಕೊಯ್ಯುವುದರಲ್ಲೇ ಹೋದವು. ಒಂದು ಕಾಲು ಗಿಡ್ಡವಾಯಿತು, ಅದಕ್ಕೆ ಸರಿಯಾಗಿ ಉಳಿದ ಮೂರನ್ನು ಕೊಯ್ದ. ಹೈದರಾಬಾದಿನಿಂದ ಹಳೆಯ ಹೊಲಿಗೆ ಮಶೀನು ಲಾರಿಯಲ್ಲಿ ಬಂದು ಗಾಂಧಿ ಗಂಜದಲ್ಲಿ ಇಳಿಯಿತು. ಅದನ್ನು ತಳ್ಳುಗಾಡಿಗೆ ಏರಿಸಿದ ಹಮಾಲರು, “ಇದೇನ್ ಮಶೀನೋ, ಆನಿ ಮರೀನೋ?” ಎಂದು ಬೈದರು. ಗೋಡೆಯ ಹಲಗೆಗೆ ಮೊಳೆ ಹೊಡೆದು ಸುತ್ತಿಗೆ, ತೂತು ಹಾಕುವ ಪಂಚು, ಕತ್ತರಿಗಳನ್ನು ಪೂನಮ ಸಾಲಾಗಿ ನೇತುಹಾಕಿದಳು. ಅತ್ತೆ ಸೊಸೆ ಕೂಡಿ ಶೆಡ್ಡಿಗೆ ಸುಣ್ಣ ಬಳಿದರು. ಪಂಢರಿ ದಿನಕ್ಕೊಮ್ಮೆ ಬಂದು, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ತಪಾಸಣೆ ಮಾಡಿ ಹೋಗುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಪುಂಡಿಪಲ್ಯ, ರೊಟ್ಟಿ ಉಣ್ಣಲು ಕೂತಿದ್ದ. ಮೂರನೆಯ ತುತ್ತು ಬಾಯಿಯ ಹತ್ತಿರ ಹೋಗುವಾಗ ಮೂಗಿಗೆ ಒಂದು ವಾಸನೆ ಬಂತು. ಕೈ ಅಲ್ಲೇ ನಿಂತಿತು.

“ಏನದು?” ಅಂದ.

“ಏನು?” ಅಂದಳು ಶಾಲುಬಾಯಿ. ಅವಳಿಗೂ ಬಂದಿತ್ತು.

ಪಂಢರಿ ಎಂಜಲು ಕೈಯಲ್ಲೇ ಎದ್ದು ಶೆಡ್ಡಿಗೆ ಹೋದ. ಟೇಬಲ್ಲಿನ ಉದ್ದಕ್ಕೂ ಕಂದು ಬಣ್ಣದ ಚರ್ಮ ಹಾಸಿತ್ತು. ಪೂನಮ ಅದರ ಮೇಲೆ ಬಗ್ಗಿ, ಅಗಲ ಬಾಯಿಯ ರಂಪಿಗೆಯಿಂದ ಅಂಚು ಕೊಯ್ಯುತ್ತಿದ್ದಳು. ಶಟರ್ ಪೂರ್ತಿ ಮೇಲಿತ್ತು. ರಸ್ತೆಯಲ್ಲಿ ಹೋಗಿ ಬರುವವರಿಗೆಲ್ಲ ಕಾಣುತ್ತಿತ್ತು.

“ಇದು... ಇದು ಚರ್ಮ?”

“ಹೌದ್ರಿ ಮಾಮಾ. ತಮಿಳುನಾಡಿನ ಮಾಲು. ಕೈ ಮುಟ್ಟಿ ನೋಡ್ರಿ, ಎಷ್ಟು ಮೆತ್ತಗದ.”

ಪಂಢರಿ ತಿರುಗಿ ರಸ್ತೆಯ ಕಡೆ ನೋಡಿದ. “ಶಟರ್ ಇಳಸು,” ಅಂದ. “ಮೊದಲು ಶಟರ್ ಇಳಸು!”

ಅವನ ಕೂಗಿಗೆ ಶಾಲುಬಾಯಿ, ಮಲಗಿದ್ದ ಸುಶೀಲಕುಮಾರ ಇಬ್ಬರೂ ಓಡಿ ಬಂದರು. ಶಟರ್ ಧಡಾರನೆ ಬಿತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

“ಬ್ಯಾಗಂದಿ. ಚರ್ಮಾ ಅಂತ ಹೇಳಲಿಲ್ಲ,” ಅಂದ ಪಂಢರಿ.

“ನೀವು ಕೇಳಲಿಲ್ರಿ ಮಾಮಾ. ನಮ್ಮಪ್ಪನ ಅಂಗಡಿ ಏನಂತ ನಿಮಗ ಗೊತ್ತಿಲ್ಲೇನ್ರಿ?”

“ನಿಮ್ಮಪ್ಪನ ಅಂಗಡಿಗಿ ಕಾಜಿನ ಬಾಗಿಲ ಅದ. ಡಬ್ಬಿದಾಗ ಬಂದ ಬೂಟು ಮಾರ್ತಾನ. ಅದು ಬೇರೆ.”

“ಕಾಜಿನ ಬಾಗಿಲ ಹಿಂದಿನ ಖೋಲ್ಯಾಗ ಈಗೂ ಕೂತು ಹೊಲೀತಾನ ನಮ್ಮಪ್ಪ. ನನಗ ರಂಪಿಗಿ ಹಿಡೀಲಿಕ್ಕ ಕಲಿಸಿದವ ಅವನೇ.”

ಪಂಢರಿಗೆ ಇದು ಎರಡನೆಯ ಏಟು. ಭಾಲ್ಕಿಯ ಆ ಗಾಜಿನ ಬಾಗಿಲು ನೋಡಿಯೇ ಅವನು ಹೆಣ್ಣು ತಂದದ್ದು.

“ಅಪ್ಪಾ, ಇದರಾಗ ಇಷ್ಟು ಗಾಬರಿ ಆಗೋದೇನದ?” ಅಂದ ಸುಶೀಲಕುಮಾರ. “ನಮ್ಮ ಮನ್ಯಾಗ ಯಾರೂ ಈ ಧಂದಾ ಮಾಡಿಲ್ಲ ಅಂತ ನೀನೇ ಹೇಳೀದಿ. ಅಜ್ಜ ಹೊಲಾ ಮಾಡ್ತಿದ್ದನಲ್ಲ?”

ಶಾಲುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಹೊಲಾ ಎಲ್ಲಿತ್ತೋ?” ಅಂದಳು. “ನಿಮ್ಮಜ್ಜ ಔರಾದ ಬಸ್ ಸ್ಟ್ಯಾಂಡ್ ಬಾಜೂಕ, ಬೇವಿನ ಗಿಡದ ಬುಡಕ ಕೂತು ಚಪ್ಪಲ್ ಹೊಲೀತಿದ್ದ. ಅದೇ ರೊಕ್ಕದಾಗ ನಿಮ್ಮಪ್ಪ ಬಿ.ಎ. ಮಾಡ್ಯಾನ.”

ಸುಶೀಲಕುಮಾರ ಬಾಯಿ ತೆರೆದವನು ಮುಚ್ಚಲಿಲ್ಲ. ರಜೆಯಲ್ಲಿ ಒಮ್ಮೆಯೂ ತನ್ನನ್ನು ಔರಾದಕ್ಕೆ ಯಾಕೆ ಕರೆದೊಯ್ಯಲಿಲ್ಲ, ಪಡಸಾಲೆಯಲ್ಲಿ ಬುದ್ಧನ ಮೂರ್ತಿ ಇಟ್ಟು ಬಾಬಾಸಾಹೇಬರ ಫೋಟೋವನ್ನು ಮಾತ್ರ ಮಲಗುವ ಕೋಣೆಯಲ್ಲಿ ಯಾಕೆ ಹಾಕಿದ್ದಾರೆ ಎಂದು ಚಿಕ್ಕಂದಿನಲ್ಲಿ ಕೇಳಿ ಬೈಸಿಕೊಂಡಿದ್ದ.

“ಇಷ್ಟು ವರ್ಷ ನನಗ ಸುಳ್ಳು ಹೇಳೀದ್ರಿ?”

“ಕಾಲನ್ಯಾಗ ಇಜ್ಜತ್‌ಲೆ ಬಾಳಲಿ ಅಂತ ಹೇಳೀನಿ!” ಪಂಢರಿಯ ದನಿ ಒಡೆಯಿತು. “ಸಾಲ್ಯಾಗ ನನ್ನ ಬಾಜೂಕ ಯಾರೂ ಕೂಡ್ತಿದ್ದಿಲ್ಲ. ವಾಸನಿ ಬರ್ತದಂತಿದ್ರು. ಜಳಕಾ ಮಾಡಿ ಮಾಡಿ ಮೈ ಸುಲೀತಿತ್ತು ನಂದು. ನಾಳೆ ಇಂಜಿನಿಯರ್ ಸಾಹೇಬ್ರು ವರಾಂಡದಾಗ ನನ್ನ ಕೂಡಿಸಿಕೋತಾರೇನು?”

ಪೂನಮ ರಂಪಿಗೆಯನ್ನು ಟೇಬಲ್ಲಿನ ಮೇಲಿಟ್ಟಳು. ಅವಳಿಗೂ ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿಯೇ ಇತ್ತು. “ಶೆಡ್ ನಿಮ್ಮದು ಮಾಮಾ. ಬ್ಯಾಡಂದ್ರ ಸಾಮಾನ ತೆಗೀತೇನಿ. ಕೆಲಸ ಬಿಡಂದ್ರ ಬಿಡೋದಿಲ್ಲ. ಭಾಲ್ಕಿಗಿ ಹೋಗಿ ಮಾಡ್ತೇನಿ.”

ಸೊಸೆ ತವರಿಗೆ ಹೋದರೆ ಕಾಲನಿ ಇನ್ನೂ ಹೆಚ್ಚು ಮಾತಾಡುತ್ತದೆ. ಪಂಢರಿ ಗೋಡೆಗೆ ತಲೆ ಆನಿಸಿದ. ಕೊನೆಗೆ ಒಪ್ಪಂದವಾಯಿತು: ಕೆಲಸ ನಡೆಯಲಿ, ಆದರೆ ಶಟರ್ ಕೆಳಗಿರಬೇಕು.

ಅಂದಿನಿಂದ ಪಂಢರಿ ಊಟದ ತಾಟನ್ನು ಟಿ.ವಿ. ಮುಂದೆ ಒಯ್ದ. ಸುಶೀಲಕುಮಾರ ಅಪ್ಪನ ಜೊತೆ ಮಾತು ಬಿಟ್ಟ. ಇಬ್ಬರ ನಡುವೆ ಶಾಲುಬಾಯಿ ಉಪ್ಪಿನಕಾಯಿ, ಸುದ್ದಿ ಎರಡನ್ನೂ ಸಾಗಿಸಿದಳು. ಪೂನಮ ಬೆಳಗ್ಗೆ ಚುರುಮುರಿ ಸುಸಲಾ ಮಾಡಿಟ್ಟು, ಪಾತ್ರೆ ತೊಳೆದು, ಒಳಬಾಗಿಲಿನಿಂದ ಶೆಡ್ಡು ಸೇರುತ್ತಿದ್ದಳು. ವಾಸನೆ ಮನೆಯೊಳಗೆ ಬಾರದಂತೆ ಆ ಬಾಗಿಲನ್ನೂ ಪಂಢರಿ ಮುಚ್ಚಿಸುತ್ತಿದ್ದ. ಚರ್ಮ ಬಡಿಯಲು ಇಟ್ಟುಕೊಂಡಿದ್ದ ಅಡುಗೆಮನೆಯ ಗ್ರಾನೈಟ್ ತುಂಡು ಒಂದೇ ವಾರದಲ್ಲಿ ಸೀಳಿತು. ಬಡಿಯುವ ಸದ್ದು ಕೇಳಿದಾಗಲೆಲ್ಲ ಅವನು ಟಿ.ವಿ. ದನಿ ಏರಿಸುತ್ತಿದ್ದ. ಬೀದರಿನ ಬಿಸಿಲು ಏರಿತು. ಪೂನಮ ಸಂಜೆ ಹೊರಗೆ ಬಂದಾಗ ರವಿಕೆ ಹಿಂಡುವಷ್ಟು ಒದ್ದೆಯಾಗಿರುತ್ತಿತ್ತು.

“ಶಟರ್ ಅರ್ಧಾ ಆದ್ರೂ ಎತ್ಲಿರಿ,” ಅಂದಳು ಶಾಲುಬಾಯಿ ಗಂಡನಿಗೆ.

“ಅರ್ಧಾ ಎತ್ತಿದ್ರ ಪೂರಾ ಕಾಣ್ತದ.”

ಮೊದಲ ಗಿರಾಕಿ ನಸ್ರೀನ. ಕಾಲೇಜಿನಲ್ಲಿ ಪಾಠ ಹೇಳುವವಳು, ಪುಸ್ತಕ ಹಿಡಿಸುವಂಥ ಬ್ಯಾಗು ಬೇಕೆಂದಿದ್ದಳು. ಒಂದು ಮಧ್ಯಾಹ್ನ ಅದನ್ನು ಒಯ್ಯಲು ಬಂದು ಶಟರ್ ಬಡಿದಳು. ಒಳಗಿಂದ ಸದ್ದಿಲ್ಲ. ಮತ್ತೆ ಬಡಿದು, ಅಂಗಳದಲ್ಲಿದ್ದ ಶಾಲುಬಾಯಿಯನ್ನು ಕೇಳಿದಳು.

“ಖಾಲಾ, ಪೂನಮ ಮಲಗ್ಯಾಳೇನ್ರಿ?”

“ಇಲ್ಲವ್ವ, ಒಳಗ ಅದಾಳ.” ಶಾಲುಬಾಯಿ ಒಳಬಾಗಿಲು ತಳ್ಳಿದಳು. ಅಂಟಿನ ಘಾಟು ಮುಖಕ್ಕೆ ಹೊಡೆಯಿತು. ಪೂನಮ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ತೆರೆದೇ ಇತ್ತು. ಹೆಸರು ಹಿಡಿದು ಕರೆದರೆ ತುಟಿ ಅಲುಗಿತು, ಮಾತು ಬರಲಿಲ್ಲ. ಪಕ್ಕದಲ್ಲಿ ಅಂಟಿನ ಡಬ್ಬಿ ಬಾಯಿ ತೆರೆದಿತ್ತು, ಕೈಯಲ್ಲಿ ನಸ್ರೀನಳ ಬ್ಯಾಗಿನ ಪಟ್ಟಿ ಇತ್ತು.

ಶಾಲುಬಾಯಿ ಕಿರುಚಿದ್ದು ಕಾಲನಿಯ ಕೊನೆಯ ಮನೆಗೂ ಕೇಳಿಸಿತು. ನಸ್ರೀನ ಹೊರಗಿನಿಂದ, ಇವಳು ಒಳಗಿನಿಂದ ಶಟರ್ ಎತ್ತಿದರು. ಜನ ನೆರೆದರು. ಟೇಬಲ್ಲು, ಮಶೀನು, ಚರ್ಮ ಎಲ್ಲ ಹಾಡಹಗಲಿನಲ್ಲಿ ಎಲ್ಲರಿಗೂ ಕಂಡವು. ಪಂಢರಿ ಬಾಗಿಲಲ್ಲಿ ಕಂಬದಂತೆ ನಿಂತಿದ್ದ. ಸೊಸೆಯನ್ನು ಆಟೋಕ್ಕೆ ಹಾಕುವಾಗ ಒಂದು ಕೈ ಹಿಡಿಯಬೇಕೆಂಬುದೂ ಅವನಿಗೆ ತೋಚಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿ, ಸಲೈನ್ ಏರಿಸಿದ ಮೇಲೆ ಪೂನಮ ಮಾತಾಡಿದಳು. ಇನ್ನಷ್ಟು ಹೊತ್ತಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಭಾಲ್ಕಿಯಿಂದ ಓಡಿ ಬಂದ ಸುಶೀಲಕುಮಾರ ಅಪ್ಪನನ್ನು ನೋಡಲೂ ಇಲ್ಲ. ಮನೆಗೆ ಬಂದ ಮೇಲೆ ಶಾಲುಬಾಯಿ ಗಂಡನೆದುರು ನಿಂತಳು. ಮದುವೆಯಾದಾಗಿನಿಂದ ಅವಳು ಹಾಗೆ ನಿಂತದ್ದೇ ಇಲ್ಲ.

“ನಿಮ್ಮ ಶಟರಿನ ಸಲುವಾಗಿ ಹುಡುಗಿ ಸಾಯ್ತಿತ್ತು. ತಿಳೀತೇನ್ರಿ ನಿಮಗ? ಸಾಯ್ತಿತ್ತು!”

“ಹಂಗಾರ ಮುಚ್ಚಿಬಿಡ್ರಿ. ಮಶೀನ್ ಮಾರಿ ಬಿಡ್ರಿ,” ಅಂದ ಪಂಢರಿ. ಅದನ್ನೇ ಎದುರು ಮನೆಗೂ ಹೇಳಿ ಬರಬೇಕೆಂದು ಮರುದಿನ ಸಂಜೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ.

ಸಂಜೆ ಹೊತ್ತಿನಲ್ಲಿ ಅವನು ಅಲ್ಲಿಗೆ ಹೋದದ್ದು ಅದೇ ಮೊದಲು. ವರಾಂಡದಲ್ಲಿ ಕಾಲನಿಯ ಮೂರು ಜನ ಹಿರಿಯರು ಕೂತಿದ್ದರು. ಎಲ್ಲರೂ ಸರಿದು ಜಾಗ ಕೊಟ್ಟರು, ಸೊಸೆಯ ಆರೋಗ್ಯ ಕೇಳಿದರು. ಪಂಢರಿ ಬೆವರುತ್ತ, “ಸರ್, ನಿಮಗೆಲ್ಲ ಬ್ಯಾಸರಾಗಿರಬೇಕು. ಆ ಚರ್ಮದ ಕೆಲಸ ನಾಳಿನಿಂದ ಬಂದ್ ಮಾಡ್ತೇನಿ,” ಅಂದ.

“ಅಯ್ಯ, ಯಾಕ್ರಿ ಪಂಢರಿಯವ್ರ?” ಗೋರಖನಾಥ ಅವನ ತೊಡೆ ತಟ್ಟಿದರು. “ನೀವು ಬುನಾದಿ ಹಾಕಿದ ದಿನಾನೇ ನಮಗೆಲ್ಲಾ ಗೊತ್ತಾಗ್ಯದ. ನಿಮ್ಮ ಮನಿ ಕಟ್ಟಿದ ಮೇಸ್ತ್ರಿ ಔರಾದದವನೇ ಅಲ್ಲೇನು? ನಿಮ್ಮ ತಂದಿ ಬಲ್ಲಿ ಚಪ್ಪಲ್ ಹೊಲಿಸ್ಯಾನಂತ ಅವ. ನಾವು ಅಂಥಾ ಭೇದ ಮಾಡೋ ಮಂದಿ ಅಲ್ಲ. ನೋಡ್ರಿ, ಇಷ್ಟು ವರ್ಷ ಬಾಜೂಕ ಕೂತು ಚಹಾ ಕುಡದೇವಿಲ್ಲೋ?”

ಪಂಢರಿ ದಂಗಾಗಿ ಕೂತ. ಮೊದಲಿನಿಂದಲೂ ಗೊತ್ತಿತ್ತು! ಅಷ್ಟರಲ್ಲಿ ಗೋರಖನಾಥರ ಹೆಂಡತಿ ಟ್ರೇ ತಂದರು. ನೀಲಿ ಹೂವಿನ ಪಿಂಗಾಣಿ ಕಪ್ಪುಗಳು, ಬಸಿ ಸಮೇತ. ಅವುಗಳ ನಡುವೆ ಒಂದು ಕಾಗದದ ಕಪ್ಪು. ಎಲ್ಲರೂ ತಮ್ಮ ತಮ್ಮ ಕಪ್ಪು ಎತ್ತಿಕೊಂಡರು. ಟ್ರೇ ಪಂಢರಿಯ ಮುಂದೆ ಬಂದಾಗ ಅದರಲ್ಲಿ ಉಳಿದದ್ದು ಒಂದೇ.

“ತಗೋರಿ, ಆರ್ತದ,” ಅಂದರು ಆ ತಾಯಿ, ಬಹಳ ಅಕ್ಕರೆಯಿಂದ.

ಅವನು ತೆಗೆದುಕೊಂಡ. ಮಾತು ಮಳೆ, ತೊಗರಿ ರೇಟು, ಪೆನ್ಶನ್ ಕಡೆ ಹೋಯಿತು. ಪಂಢರಿ ಎದ್ದದ್ದು, ಗೇಟು ದಾಟಿದ್ದು ಅವನಿಗೇ ತಿಳಿಯಲಿಲ್ಲ. ಮನೆಗೆ ಬಂದಾಗ ಕಪ್ಪು ಕೈಯಲ್ಲೇ ಇತ್ತು, ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತ್ತು.

ಅಡುಗೆಮನೆಯಲ್ಲಿ ಪೂನಮ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಶಾಲುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಪಂಢರಿ ಕಪ್ಪನ್ನು ಕಟ್ಟೆಯ ಮೇಲಿಟ್ಟ.

“ಎಲ್ಲರಿಗೂ ಪಿಂಗಾಣಿ ಕಪ್ಪು,” ಅಂದ. “ನನಗ ಇದು.”

ರೊಟ್ಟಿ ಬಡಿಯುವ ಸದ್ದು ನಿಂತಿತು. ಶಾಲುಬಾಯಿ ತಲೆ ಎತ್ತಲಿಲ್ಲ.

“ನಿನಗ ಗೊತ್ತಿತ್ತು?”

“ಒಮ್ಮಿ ಸಂಕ್ರಮಣಕ್ಕ ಎಳ್ಳು ಕೊಡ್ಲಿಕ್ಕ ಹೋದಾಗ ನೋಡೀನಿ.”

“ಹೇಳಬಾರದೇನು?”

“ಹ್ಯಾಂಗ ಹೇಳ್ಲಿರಿ? ಅಲ್ಲಿಂದ ಬಂದಾಗ ನಿಮ್ಮ ಮಾರಿ ಅಷ್ಟು ಖುಷಿ ಇರ್ತಿತ್ತು.”

ಪಂಢರಿ ಅತ್ತ. ಸೊಸೆಯ ಎದುರಿಗೇ, ಮಗ ಬಾಗಿಲಲ್ಲಿ ನಿಂತದ್ದನ್ನೂ ಲೆಕ್ಕಿಸದೆ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಸುಶೀಲಕುಮಾರ ಏನು ಮಾಡಬೇಕೆಂದು ತಿಳಿಯದೆ ಬಂದು ಅಪ್ಪನ ಪಕ್ಕ ಕೂತ. ಅಂದು ನಾಲ್ವರೂ ಅಡುಗೆಮನೆಯ ನೆಲದ ಮೇಲೇ ಉಂಡರು.

ಬೆಳಗಾದ ಮೇಲೆ ಪಂಢರಿ ವಾಕಿಂಗಿಗೆ ಹೋಗಲಿಲ್ಲ. ಒವೈಸನನ್ನು ಕರೆಸಿ, “ಫ್ಯಾನಿಗಿ ಎಲ್ಲಿ ತೂತು ಬೇಕೋ ಅಲ್ಲಿ ಹೊಡಿ,” ಅಂದ. ಆಮೇಲೆ ಸೀಳಿದ ಗ್ರಾನೈಟ್ ತುಂಡನ್ನು ಕಾಲಿನಿಂದ ಸರಿಸಿ ನೋಡಿದ.

“ಇದರ ಮ್ಯಾಲ ಹ್ಯಾಂಗ ಬಡಿಯೋದು? ನಮ್ಮಪ್ಪನ ಕಲ್ಲು ಹ್ಯಾಂಗಿತ್ತು! ಔರಾದದಾಗೇ ಒಗದು ಬಾ ಅಂದೆ ನಿನಗ.”

“ಒಗದಿಲ್ಲ,” ಅಂದಳು ಶಾಲುಬಾಯಿ.

“ಏನು?”

“ಹಿತ್ತಲದಾಗ ದಿನಾ ಹಿಮ್ಮಡಿ ತಿಕ್ಕೋತೀರಲ್ಲ, ಅರಿಬಿ ಒಗಿಯೋ ಕಲ್ಲು? ಅದೇ. ಬೋರಲು ಹಾಕಿ ಸಿಮೆಂಟ್ ಬಳಸೀನಿ. ಹಿರೇರ ಕೈದು, ಒಗೀಲಿಕ್ಕ ಮನಸು ಬರಲಿಲ್ಲ.”

ಪಂಢರಿ ಹೆಂಡತಿಯ ಮುಖ ನೋಡಿದ, ತನ್ನ ಕಾಲು ನೋಡಿಕೊಂಡ. ಅಪ್ಪ ಮಗ ಇಬ್ಬರೂ ಹಾರೆ ಹಾಕಿ ಸಿಮೆಂಟು ಒಡೆದು ಕಲ್ಲನ್ನು ಹೊರಳಿಸಿದರು. ಬಡಿದು ಬಡಿದು ನಡುವೆ ಅಂಗೈಯಷ್ಟು ತಗ್ಗು ಬಿದ್ದಿತ್ತು. ಪಂಢರಿ ಆ ತಗ್ಗಿನ ಮಣ್ಣನ್ನು ತನ್ನ ಪಂಚೆಯ ತುದಿಯಿಂದ ಒರೆಸಿದ. ಹಿಮ್ಮಡಿ ತಿಕ್ಕಿದ ಭಾಗವನ್ನು ಕೆಳಗೆ ಮಾಡಿ ಪೂನಮಳ ಟೇಬಲ್ಲಿನ ಪಕ್ಕ ಕೂರಿಸಿದರು.

ನಾಲ್ಕಾರು ದಿನದಿಂದ ಪಂಢರಿ ಬಾರದ್ದನ್ನು ಕಂಡು ಗೋರಖನಾಥರೇ ವಿಚಾರಿಸಲು ಬಂದರು. ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿದ ಪಂಢರಿ. ಒಳಗೆ ಫ್ಯಾನು ತಿರುಗುತ್ತಿತ್ತು. ಪೂನಮ ಕಲ್ಲಿನ ಮೇಲೆ ಬೆಲ್ಟು ಬಡಿಯುತ್ತಿದ್ದಳು. ಗೋರಖನಾಥ ಮೆಚ್ಚಿ ತಲೆದೂಗಿದರು.

“ಶಾಲೂ, ಚಹಾ ತಾ,” ಎಂದು ಕೂಗಿದ ಪಂಢರಿ. “ಅಟ್ಟದ ಮ್ಯಾಲಿನ ಲೋಟದಾಗ ತಾ.”

ಶಾಲುಬಾಯಿ ಥಳಥಳ ಬೆಳಗಿದ ಎರಡು ಸ್ಟೀಲಿನ ಲೋಟ ತಂದು ಸ್ಟೂಲಿನ ಮೇಲಿಟ್ಟಳು. ಗೋರಖನಾಥ ಲೋಟದ ಕಡೆ ನೋಡಿದರು. ಆಮೇಲೆ ಶಾಲುಬಾಯಿಯ ಕೈ ಕಡೆ ನೋಡಿದರು.

“ಅಲ್ರಿ... ಆ ಕಾಗದದ ಕಪ್ಪು ಮುಗದಾವೇನ್ರಿ?”

“ಅದಾವ ಸರ್. ಪೂರಾ ಕಟ್ಟು ಅದ,” ಅಂದ ಪಂಢರಿ. “ಇನ್ನು ಮ್ಯಾಲ ಸ್ಟೀಲಿಂದೇ ಅಂತ ಮಾಡೇವಿ. ತಗೋರಿ, ಆರ್ತದ.”

ಗೋರಖನಾಥ ಕುರ್ಚಿಯಲ್ಲಿ ಹೊರಳಿದರು. ಗಡಿಯಾರ ನೋಡಿಕೊಂಡರು. “ಸಕ್ಕರಿ ಜಾಸ್ತಿ ಆಗ್ಯದ ರಿ. ಡಾಕ್ಟರು ಚಹಾ ಬಿಡು ಅಂದಾರ,” ಅಂದವರು ಎದ್ದರು. ಕಿರಿಕಿರಿಯಿಲ್ಲದೆ, ನಗುನಗುತ್ತಲೇ ಗೇಟು ದಾಟಿದರು.

ಪೂನಮಳ ಸುತ್ತಿಗೆ ನಿಂತಿತ್ತು. ಶಾಲುಬಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಪಂಢರಿ ತನ್ನ ಲೋಟ ಎತ್ತಿ ಕುಡಿದ. ಆಮೇಲೆ ಇನ್ನೊಂದನ್ನೂ ಎತ್ತಿಕೊಂಡು, ಅಪ್ಪನ ಕಲ್ಲಿನ ಪಕ್ಕ ನೆಲದ ಮೇಲೆ ಕೂತ.

“ಯಾಕ ನಿಂತಿ? ಬಡಿ,” ಅಂದ ಸೊಸೆಗೆ.